ಚುನಾವಣೆಗೆ ಮುನ್ನ ಒಂದು ಚುನಾವಣೆ

ಮತಯಂತ್ರದ ಮೇಲೆ ನಾವು ಹಲವು ಹೆಸರುಗಳನ್ನು ಕಾಣುತ್ತೇವೆ. ಆ ಹೆಸರುಗಳನ್ನು ಆರಿಸಿ ನಮ್ಮ ಮುಂದೆ ಇಟ್ಟವರು ಯಾರು? ನಮ್ಮ ದೇಶದಲ್ಲಿ ಪಕ್ಷವೊಂದರ ಅಭ್ಯರ್ಥಿಯನ್ನು ಗೊತ್ತುಮಾಡುವುದು ಬಿ ಫಾರಂ. 1968ರ ಚುನಾವಣಾ ಚಿಹ್ನೆಗಳ ಆದೇಶದಂತೆ, ಪಕ್ಷವು ಸಹಿಮಾಡಿ ಕೊಟ್ಟ ಈ ಪತ್ರ ಉಳ್ಳವರಿಗೇ ಪಕ್ಷದ ಚಿಹ್ನೆ ದೊರೆಯುತ್ತದೆ. ಅದು ಯಾರ ಕೈ ಸೇರಬೇಕೆಂಬುದನ್ನು ಕಾರ್ಯಕರ್ತರ ಮತದಿಂದ ತೀರ್ಮಾನಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

ಅಮೆರಿಕದಲ್ಲಿಯೂ ಮೊದಲು ಮುಖಂಡರದೇ ಮಾತು ನಡೆಯುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಸ್ಕಾನ್ಸಿನ್‌ನಂತಹ ರಾಜ್ಯಗಳು ಈ ಆಯ್ಕೆಯನ್ನು ಮತದಾರರಿಗೆ ಒಪ್ಪಿಸಿದವು. ಇದೇ ಪ್ರೈಮರಿ, ಅಂದರೆ ಪ್ರಾಥಮಿಕ ಚುನಾವಣೆ.

2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷ ದೇಶದ ಕೆಲವು ಕ್ಷೇತ್ರಗಳಲ್ಲಿ ಈ ಪ್ರಯೋಗ ನಡೆಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಇದಕ್ಕೆ ಆಯ್ಕೆಯಾದವು. ಮತ ಹಾಕಿದವರು ಸಾಮಾನ್ಯ ಮತದಾರರಲ್ಲ. ಪಕ್ಷದ ಪದಾಧಿಕಾರಿಗಳು ಮತ್ತು ಚುನಾಯಿತ ಪ್ರತಿನಿಧಿಗಳು. ಅವರ ಮುಂದಿದ್ದ ಪ್ರಶ್ನೆ ಸುಲಭದ್ದಲ್ಲ. ಪಕ್ಷಕ್ಕಾಗಿ ದುಡಿದವರನ್ನು ಆರಿಸಬೇಕೆ, ಗೆಲ್ಲಬಲ್ಲವರನ್ನು ಆರಿಸಬೇಕೆ? ಹೆಬ್ಬಾಳ, ಆರ್.ಟಿ. ನಗರದ ಬಡಾವಣೆಗಳು, ಪೀಣ್ಯದ ಕಾರ್ಖಾನೆಗಳು, ಯಶವಂತಪುರ ವಿಧಾನಸಭಾ ಕ್ಷೇತ್ರದ ಹಳ್ಳಿಗಳು, ಎಲ್ಲವೂ ಕೂಡಿದ ಕ್ಷೇತ್ರವಿದು. ಕಾರ್ಯಕರ್ತನಿಗೆ ಮೆಚ್ಚಾದವರು ಇವರೆಲ್ಲರಿಗೂ ಮೆಚ್ಚಾಗಬೇಕೆಂದಿಲ್ಲ.

ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಗೆದ್ದರು. ಆದರೆ ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು. ನಾರಾಯಣಸ್ವಾಮಿಯವರನ್ನು ಬಿಜೆಪಿಯ ಡಿ.ವಿ. ಸದಾನಂದಗೌಡರು 2,29,764 ಮತಗಳಿಂದ ಸೋಲಿಸಿದರು.

ಹಾಗಾದರೆ ಪ್ರಯೋಗ ವಿಫಲವಾಯಿತೆ? ಅವಸರದ ತೀರ್ಮಾನ ಸಲ್ಲದು. ಆ ವರ್ಷ ಇಡೀ ದೇಶದಲ್ಲಿ ಕಾಂಗ್ರೆಸ್ಸಿಗೆ ದೊರೆತದ್ದು 44 ಸ್ಥಾನ ಮಾತ್ರ. ಮುಖಂಡರು ಆರಿಸಿದ ಅಭ್ಯರ್ಥಿಗಳೂ ಬಹುಪಾಲು ಸೋತಿದ್ದರು. ಪ್ರಯೋಗದ ನಿಜವಾದ ಕೊರತೆ ವಡೋದರಾದಲ್ಲಿ ಕಂಡಿತು. ಅಲ್ಲಿ ಪ್ರೈಮರಿ ಗೆದ್ದ ನರೇಂದ್ರ ರಾವತ್, ನರೇಂದ್ರ ಮೋದಿಯವರು ಕಣಕ್ಕಿಳಿದ ಮೇಲೆ ಹಿರಿಯ ನಾಯಕ ಮಧುಸೂದನ್ ಮಿಸ್ತ್ರಿಯವರಿಗೆ ಜಾಗ ಬಿಟ್ಟುಕೊಟ್ಟರು. ಕಾರ್ಯಕರ್ತರು ಮತ ಕೊಟ್ಟರೂ ಬಿ ಫಾರಂ ಮುಖಂಡರ ಕೈಯಲ್ಲೇ ಉಳಿದಿತ್ತು.

2019ರಲ್ಲಿ ಬೆಂಗಳೂರು ಉತ್ತರದ ಟಿಕೆಟ್ಟು ಕೃಷ್ಣ ಬೈರೇಗೌಡರಿಗೆ ದೊರೆತಾಗ ಪ್ರೈಮರಿ ನಡೆಯಲಿಲ್ಲ. ಅವರೂ ಸದಾನಂದಗೌಡರ ಎದುರು ಸೋತರು. ಎರಡು ಬಗೆಯ ಆಯ್ಕೆಗೂ ಫಲ ಒಂದೇ ಆಯಿತು. ಆದ್ದರಿಂದ ಪ್ರೈಮರಿಯನ್ನು ಸೋಲು ಗೆಲುವಿನಿಂದ ಅಳೆಯುವುದಕ್ಕಿಂತ, ಆರಿಸುವ ಹಕ್ಕು ಎಷ್ಟು ಜನರ ಕೈಗೆ ಬಂತು, ಬಂದ ಹಕ್ಕು ಕೊನೆಯವರೆಗೆ ಉಳಿಯಿತೇ ಎಂಬುದರಿಂದ ಅಳೆಯುವುದು ನ್ಯಾಯ. ಹದಿನೆಂಟು ತುಂಬಿ ಮೊದಲ ಮತ ಹಾಕಲಿರುವ ವಿದ್ಯಾರ್ಥಿಗಳು ಈ ಎರಡು ಪ್ರಶ್ನೆಗಳನ್ನು ಎಲ್ಲ ಪಕ್ಷಗಳಿಗೂ ಕೇಳಬಹುದು.