‘ಉಳ್ಳಿ’: ಒಂದು ಪದ, ಒಂದು ನಿಷೇಧ

ಈರುಳ್ಳಿಯು ಮುಸಲ್ಮಾನ ಅರಸರ ಕಾಲದಲ್ಲಿ ನಮ್ಮ ಅಡುಗೆಮನೆಯನ್ನು ಹೊಕ್ಕಿತೆಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ದೆಹಲಿಯ ಪೇಟೆಯಲ್ಲಿ ಕಿವಿಗೆ ಬೀಳುವ ‘ಪ್ಯಾಜ್’ ಪಾರಸಿ ಮೂಲದ ಪದ. ಹೆಸರಿನೊಡನೆ ವಸ್ತುವೂ ಬಂದಿತೆಂದು ಊಹಿಸುವುದು ಸುಲಭ. ಈ ಊಹೆಯನ್ನು ನಾವು ಒಪ್ಪಲಾರೆವು.

ಈ ಸಸ್ಯದ ತವರು ಮಧ್ಯ ಏಷ್ಯಾ ಎಂಬುದು ಸಸ್ಯವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಆದರೆ ಅದು ಭಾರತಕ್ಕೆ ಬಂದುದು ಬಹು ಹಿಂದೆ. ಚರಕಸಂಹಿತೆಯಲ್ಲಿ ‘ಪಲಾಂಡು’ವಿನ ಗುಣವಿಚಾರವಿದೆ. ಮನುಸ್ಮೃತಿಯ 5ನೆಯ ಅಧ್ಯಾಯವು ಬೆಳ್ಳುಳ್ಳಿ, ಅಣಬೆಗಳೊಡನೆ ಅದನ್ನೂ ದ್ವಿಜರಿಗೆ ನಿಷೇಧಿಸುತ್ತದೆ. ಯಾರೂ ತಿನ್ನದ ವಸ್ತುವಿಗೆ ನಿಷೇಧದ ಅಗತ್ಯವೇ ಇರದು. ದ್ವಿಜರಲ್ಲದವರ ಊಟದ ಮಾತಂತೂ ಅಲ್ಲಿ ಎತ್ತಿಲ್ಲ. 7ನೆಯ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನು, ಈರುಳ್ಳಿ ಬೆಳ್ಳುಳ್ಳಿ ತಿನ್ನುವವರು ವಿರಳವೆಂದೂ ಅಂಥವರನ್ನು ಊರ ಹೊರಗಿಡುತ್ತಿದ್ದರೆಂದೂ ಹೇಳಿದ್ದಾನೆ. ಆ ಊರಾಚೆಯ ಒಲೆಗಳ ಇತಿಹಾಸವನ್ನು ಶಾಸ್ತ್ರಗ್ರಂಥಗಳಲ್ಲಿ ಅರಸಿದರೆ ಹೆಚ್ಚೇನೂ ದೊರೆಯದು. ಅದಕ್ಕೆ ಆಡುಮಾತೇ ಆಕರ.

‘ಉಳ್ಳಿ’ ಎಂಬುದು ಕನ್ನಡ, ತಮಿಳು, ಮಲಯಾಳಂಗಳಲ್ಲಿ ಇದೇ ರೂಪದಲ್ಲಿಯೂ ತೆಲುಗಿನಲ್ಲಿ ‘ಉಲ್ಲಿ’ ಎಂದೂ ದೊರೆಯುತ್ತದೆ. ಚೆನ್ನೈಯಲ್ಲಿ ಇಂದು ‘ವೆಂಗಾಯಂ’ ಎಂಬುದೇ ರೂಢಿಯಾದರೂ ತಮಿಳಿಗೆ ‘ಉಳ್ಳಿ’ ಅಪರಿಚಿತವಲ್ಲ. ನಾಲ್ಕು ಭಾಷೆಗಳಿಗೆ ಸಮಾನವಾದ ಈ ದೇಶ್ಯ ಪದವು ತಡವಾಗಿ ಬಂದ ಎರವಲೆಂದು ತೋರುವುದಿಲ್ಲ. ಬಿಳಿಯದು ಬೆಳ್ಳುಳ್ಳಿ, ನೀರಿನಂಶವುಳ್ಳದ್ದು ನೀರುಳ್ಳಿ. ‘ಈರುಳ್ಳಿ’ಯನ್ನು ನೀರುಳ್ಳಿಯ ನಕಾರಲೋಪವೆಂದಾದರೂ ಒದ್ದೆ ಎಂಬರ್ಥದ ‘ಈರ’ದಿಂದ ಆದುದೆಂದಾದರೂ ವಿವರಿಸಬಹುದು, ಎರಡರಲ್ಲಿಯೂ ತೇವವಿದೆ. ಪದದ ಪ್ರಾಚೀನತೆಯಿಂದ ಬೆಳೆಯ ಕಾಲವನ್ನು ಖಚಿತವಾಗಿ ನಿರ್ಣಯಿಸಲಾಗದು, ನಿಜ. ಕಾಡಿನ ಯಾವುದೋ ಗೆಡ್ಡೆಯ ಹೆಸರು ಮುಂದೆ ಇದಕ್ಕೆ ಅಂಟಿರಲೂ ಬಹುದು. ಆದರೂ ಹೊಸ ವಸ್ತುವಿಗೆ ಮನೆಯ ಹೆಸರನ್ನೇ ಕೊಟ್ಟು ಬರಮಾಡಿಕೊಂಡ ಜನ ಅದನ್ನು ಪರಕೀಯವೆಂದು ಬಗೆದಿರಲಾರರು.

ಉತ್ತರ ಕರ್ನಾಟಕದ ‘ಉಳ್ಳಾಗಡ್ಡಿ’ಯನ್ನು ತೆಲಂಗಾಣದ ‘ಉಲ್ಲಿಗಡ್ಡ’ದ ಪಕ್ಕದಲ್ಲಿಟ್ಟು ನೋಡಬೇಕು. ಹೈದರಾಬಾದಿನ ಕನ್ನಡಿಗನಿಗೆ ಈ ಪದ ಬದಲಿಸುವ ಪ್ರಮೇಯವೇ ಇಲ್ಲ. (ಉಳ್ಳಾಗಡ್ಡಿ ಎಂಬುದು ಆ ಸೀಮೆಯಲ್ಲಿ ಮನೆತನದ ಹೆಸರೂ ಹೌದು, ಸ್ಮೃತಿಕಾರರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!) ಮರಾಠಿಯ ‘ಕಾಂದಾ’ ಸಂಸ್ಕೃತದ ‘ಕಂದ’ದಿಂದ ಬಂದುದು. ಅದಕ್ಕೂ ಗೆಡ್ಡೆಯೆಂದೇ ಅರ್ಥ.

ಮುಂಬಯಿಯಲ್ಲಿ ಈ ಚರಿತ್ರೆ ಮತ್ತೊಂದು ತಿರುವು ಪಡೆಯಿತು. ಉಡುಪಿಯ ಮಠದ ಅಡುಗೆಯಲ್ಲಿ ಈರುಳ್ಳಿಗೆ ಪ್ರವೇಶವಿಲ್ಲ. ಅದೇ ಊರಿನ ಹೆಸರು ಹೊತ್ತ ಹೋಟೆಲುಗಳಲ್ಲಿ ಈರುಳ್ಳಿ ಉತ್ತಪ್ಪವೂ ಮಸಾಲೆ ದೋಸೆಯ ಪಲ್ಯವೂ ಎಲ್ಲ ಜಾತಿಯವರಿಗೂ ಒಂದೇ ಕಾವಲಿಯಿಂದ ಬಂದವು. ಅಡುಗೆಯವರ ಬಾಯಲ್ಲಿ ಅದು ಕರಾವಳಿಯ ನೀರುಳ್ಳಿ, ಗಿರಾಕಿಯ ಬಾಯಲ್ಲಿ ಕಾಂದಾ. ಮುಂಬಯಿ, ಪುಣೆಗಳ ಕನ್ನಡ ಮನೆಗಳಲ್ಲಿ ಇವೆರಡರಲ್ಲಿ ಯಾವುದು ಉಳಿದಿದೆ ಎಂಬುದನ್ನು ಓದುಗರು ಬರೆದು ತಿಳಿಸಿದರೆ ನಮ್ಮ ಪದಸಂಗ್ರಹಕ್ಕೆ ಉಪಕಾರವಾದೀತು.