ದಾಳ ಉರುಳುವ ಹೊತ್ತು: ‘ಡೈಸಿ ಡಂಜನ್ಸ್’ ಕುರಿತ ಆಟಗಾರರ ಅಭಿಪ್ರಾಯಗಳ ಮೇಲೊಂದು ಟಿಪ್ಪಣಿ

‘ಡೈಸಿ ಡಂಜನ್ಸ್’ ಎಂಬ ವಿಡಿಯೊ ಗೇಮ್ ಆಡಿದವರನ್ನು ಮಾತಿಗೆಳೆದರೆ ಬಹುಬೇಗ ಒಂದು ದೂರು ಕೇಳಿಬರುತ್ತದೆ: ಆಟವೇನೋ ಚೆನ್ನಾಗಿದೆ, ಆದರೆ ಸೋಲು ಗೆಲುವೆಲ್ಲ ದಾಳದ ಕೈಯಲ್ಲಿದೆ. ಎದುರು ಮಾತೂ ಅಷ್ಟೇ ಬೇಗ ಬರುತ್ತದೆ: ಈ ಆಟದಲ್ಲಿ ಕೆಟ್ಟ ಗರ ಎಂಬುದೇ ಇಲ್ಲ, ಬಿದ್ದದ್ದನ್ನು ಎಲ್ಲಿ ಇಡಬೇಕೆಂದು ತಿಳಿಯದವರು ಸೋಲುತ್ತಾರೆ. ಎರಡು ಗುಂಪಿನವರೂ ಗಂಟೆಗಟ್ಟಲೆ ಆಡಿದವರೇ ಆದ್ದರಿಂದ ಒಂದು ಮಾತನ್ನು ಅನುಭವವೆಂದು ಒಪ್ಪಿ ಇನ್ನೊಂದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ನನ್ನ ಮಟ್ಟಿಗೆ ಇಬ್ಬರ ಮಾತೂ ನಿಜ. ಒಬ್ಬರು ತಮ್ಮ ದಾಳದ ಬಗ್ಗೆ ಹೇಳುತ್ತಿದ್ದಾರೆ, ಇನ್ನೊಬ್ಬರು ತಿಳಿಯದೆಯೇ ಎದುರಾಳಿಯ ದಾಳದ ಬಗ್ಗೆ ಹೇಳುತ್ತಿದ್ದಾರೆ.

ಹಿನ್ನೆಲೆ ಸ್ವಲ್ಪ ಬೇಕು. 1980ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಮೈಕಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ‘ರೋಗ್’ ಎಂಬ ಆಟ ಬರೆದರು; ಕೆನ್ ಆರ್ನಲ್ಡ್ ಆಮೇಲೆ ಜೊತೆಗೂಡಿದರು. ಪ್ರತಿ ಸಲ ಹೊಸದಾಗಿ ಹೆಣೆದುಕೊಳ್ಳುವ ನೆಲಮಾಳಿಗೆ, ಸತ್ತರೆ ಮತ್ತೆ ಮೊದಲಿನಿಂದ ಆರಂಭ: ಈ ಎರಡು ಗುಣಗಳನ್ನು ಪಡೆದು ಬಂದ ಆಟಗಳೇ ರೋಗ್‌ಲೈಕ್‌ಗಳು. ‘ವಿವಿವಿವಿವಿವಿ’ ಮತ್ತು ‘ಸೂಪರ್ ಹೆಕ್ಸಗನ್’ ರೂಪಿಸಿದ ಐರಿಷ್ ವಿನ್ಯಾಸಕ ಟೆರಿ ಕ್ಯಾವನಾ, ಏಳು ದಿನಗಳಲ್ಲಿ ಒಂದು ರೋಗ್‌ಲೈಕ್ ಕಟ್ಟುವ 2018ರ ಸವಾಲಿಗೆಂದು ಮಾಡಿದ ಪುಟ್ಟ ಆಟ ಬೆಳೆದು 2019ರ ಆಗಸ್ಟ್‌ನಲ್ಲಿ ‘ಡೈಸಿ ಡಂಜನ್ಸ್’ ಆಗಿ ಹೊರಬಂತು. ಚಿತ್ರ ಮಾರ್ಲೋ ಡಾಬಿ ಅವರದು, ಸಂಗೀತ ಚಿಪ್‌ಝೆಲ್ ಅವರದು. ಅದೃಷ್ಟದೇವಿ ನಡೆಸುವ ಒಂದು ಟಿವಿ ಸ್ಪರ್ಧೆಗೆ ಬಂದ ಆರು ಮಂದಿ ತಾವೇ ನಡೆದಾಡುವ ದಾಳಗಳಾಗಿಬಿಡುತ್ತಾರೆ. ಸ್ಪರ್ಧೆ ಮೋಸದ್ದೆಂದು ಕಥೆಯೇ ಸಾರುತ್ತದೆ. ‘ಇಲ್ಲಿ ನ್ಯಾಯವಿಲ್ಲ’ ಎಂಬ ಅನುಮಾನಕ್ಕೆ ಕಥೆ ಮೊದಲೇ ಜಾಗ ಮಾಡಿಕೊಟ್ಟಿದೆ ಎಂಬುದನ್ನು ಅಭಿಪ್ರಾಯಗಳನ್ನು ತೂಗುವಾಗ ಮರೆಯಬಾರದು.

ಒಂದು ಸರದಿಯನ್ನು ಹತ್ತಿರದಿಂದ ನೋಡೋಣ. ಆ ಆರು ಮಂದಿಯಲ್ಲಿ ಒಬ್ಬನಾದ ಯೋಧನ ಬಳಿ ಎರಡು ಆಯುಧಗಳಿವೆ ಎನ್ನಿ. ಕತ್ತಿಗೆ ಯಾವ ಅಂಕೆಯನ್ನಾದರೂ ಕೊಡಬಹುದು, ಕೊಟ್ಟಷ್ಟೇ ಪೆಟ್ಟು. ಕೊಡಲಿಗೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆಯದನ್ನೇ ಕೊಡಬೇಕು, ಪೆಟ್ಟು ಮಾತ್ರ ಇಮ್ಮಡಿ. ಸರದಿಯ ಆರಂಭದಲ್ಲಿ ಆರು ಮತ್ತು ಒಂದು ಬಿದ್ದಿವೆ. ಆರು ಕತ್ತಿಗೆ, ಒಂದು ಕೊಡಲಿಗೆ: ಒಟ್ಟು ಎಂಟು ಪೆಟ್ಟು. ಆದರೆ ಸರದಿಗೆ ಮೂರು ಸಲ ದಾಳವನ್ನು ಮತ್ತೆ ಉರುಳಿಸುವ ಅವಕಾಶ ಯೋಧನಿಗಿದೆ. ಒಂದನ್ನು ಉರುಳಿಸಿ ನಾಲ್ಕು ಬಂದರೆ ಕೊಡಲಿಯಿಂದಲೇ ಎಂಟು, ಒಟ್ಟು ಹದಿನಾಲ್ಕು. ಐದು ಬಂದರೆ ಅದು ಕೊಡಲಿಗೆ ಒಗ್ಗದು. ಕತ್ತಿ ಸರದಿಗೆ ಒಮ್ಮೆ ಮಾತ್ರ ಬೀಸುವಂಥದ್ದು. ಹಾಗಾಗಿ ಎರಡು ದೊಡ್ಡ ಅಂಕೆಗಳಲ್ಲಿ ಒಂದು ಕೈಯಲ್ಲೇ ಉಳಿಯುತ್ತದೆ. ನಾಲ್ಕು ಆರಕ್ಕಿಂತ ಹೆಚ್ಚು ಬೆಲೆಬಾಳುವ, ಐದು ಒಂದಕ್ಕಿಂತ ಕಡೆಯಾಗುವ ಈ ಲೆಕ್ಕವೇ ಆಟದ ಜೀವಾಳ. ‘ಕೆಟ್ಟ ಗರ ಇಲ್ಲ’ ಎನ್ನುವವರು ಮೆಚ್ಚಿಕೊಂಡದ್ದೂ ಇದನ್ನೇ.

ಒಂದೇ ದಾಳವನ್ನು ಆರಕ್ಕಾಗಿ ಪಟ್ಟು ಹಿಡಿದು ಉರುಳಿಸಿದರೆ ಏನಾಗುತ್ತದೆ? ಮೊದಲ ಗರವೂ ಸೇರಿ ನಾಲ್ಕು ಅವಕಾಶ. ನಾಲ್ಕರಲ್ಲಿ ಒಮ್ಮೆಯಾದರೂ ಆರು ಬೀಳುವ ಸಂಭವ 1296ರಲ್ಲಿ 671, ಅಂದರೆ ಶೇಕಡಾ 51.8ರಷ್ಟು. ಸಂಭವಶಾಸ್ತ್ರದ ಚರಿತ್ರೆ ಓದಿದವರಿಗೆ ಇದು ಪರಿಚಿತ ಸಂಖ್ಯೆ. 1654ರ ಜುಲೈಯಲ್ಲಿ ಪಾಸ್ಕಲ್ ಫರ್ಮಾನಿಗೆ ಬರೆದ ಪತ್ರದಲ್ಲಿ, ದಾಳದ ಪಂದ್ಯದ ಬಗ್ಗೆ ಶೆವಲಿಯೆ ದ ಮೆರೆ ಎತ್ತಿದ ಪ್ರಶ್ನೆಯನ್ನು ಚರ್ಚಿಸುವಾಗ, 671ಕ್ಕೆ 625 ಎಂಬ ಇದೇ ಅನುಪಾತ ಬರುತ್ತದೆ. ಯೋಧನ ಸರದಿ ಆ ಹಳೆಯ ಪಂದ್ಯವೇ. ಸರಿಸುಮಾರು ಅರ್ಧಕ್ಕರ್ಧ ಸಲ ಆರು ಬರುವುದಿಲ್ಲ. ಆದರೂ ಯೋಧನನ್ನು ಆಡುವಾಗ ದಾಳವನ್ನು ದೂರುವವರು ಕಡಿಮೆ, ಏಕೆಂದರೆ ಆರು ಬಾರದಿದ್ದರೂ ಬಂದದ್ದಕ್ಕೆ ಎಲ್ಲೋ ಒಂದು ಕೆಲಸವಿದೆ.

ಗರ ಮೊದಲು ಬಿದ್ದು ತೀರ್ಮಾನ ಆಮೇಲೆ ಬಂದರೆ ಮನಸ್ಸು ಅದನ್ನು ಸಹಿಸುತ್ತದೆ. ಚೌಕಾಬಾರದಲ್ಲಿ ಕವಡೆ ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕೆಂದು ಯೋಚಿಸುವುದೂ ಇದೇ ಕ್ರಮ. ತೀರ್ಮಾನ ಮೊದಲಾಗಿ ಗರ ಆಮೇಲೆ ಬಿದ್ದರೆ ಸಹನೆ ಬೇಗ ಕೆಡುತ್ತದೆ. ‘ಎಕ್ಸ್‌ಕಾಮ್’ ಎಂಬ ಯುದ್ಧದ ಆಟದಲ್ಲಿ ಶೇಕಡಾ 95 ಎಂದು ತೋರಿಸಿದ ಗುಂಡು ತಪ್ಪಿದಾಗ ಆಟಗಾರರಿಗೆ ಬರುವ ಸಿಟ್ಟು ಎಲ್ಲರಿಗೂ ಗೊತ್ತು. ‘ಸಿವಿಲೈಸೇಷನ್ ರೆವಲ್ಯೂಷನ್’ ಆಡಿದವರ ಬಗ್ಗೆ ಅದರ ವಿನ್ಯಾಸಕ ಸಿಡ್ ಮೇಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಹೇಳಿದ್ದೂ ಇಲ್ಲಿ ಸಲ್ಲುತ್ತದೆ: ಮೂರಕ್ಕೆ ಒಂದರ ಬಲವಿದ್ದೂ ಸೋತರೆ ಅವರಿಗೆ ಅದು ಅನ್ಯಾಯ, ಒಂದಕ್ಕೆ ಮೂರರ ಸ್ಥಿತಿಯಲ್ಲಿ ಗೆದ್ದರೆ ಅದರಲ್ಲಿ ತಪ್ಪೇನೂ ಕಾಣದು.

ಈಗ ದೂರುಗಳನ್ನು ಪಾತ್ರಗಳ ಪ್ರಕಾರ ಬೇರ್ಪಡಿಸಿ ನೋಡಬೇಕು. ಕಳ್ಳನಿಗೆ ಮೂರರೊಳಗಿನ ಅಂಕೆಗಳನ್ನು ಒಂದೇ ಸರದಿಯಲ್ಲಿ ಮತ್ತೆ ಮತ್ತೆ ತೆಗೆದುಕೊಳ್ಳುವ ಬಾಕು ಇದೆ. ದೊಡ್ಡ ದಾಳವನ್ನು ಎರಡಾಗಿ ಸೀಳುವ ಉಪಕರಣವೂ ಇದೆ. ಅತಿ ದೊಡ್ಡ ದಾಳವನ್ನು ಒಂದಕ್ಕೆ ಇಳಿಸುವ ಹಿಮದ ಶಾಪ ಯೋಧನನ್ನು ಕಂಗೆಡಿಸಿದಷ್ಟು ಇವನನ್ನು ಕಂಗೆಡಿಸದು. ಮಾಟಗಾತಿಯ ಬಗ್ಗೆ ಕೇಳಿಬರುವ ಮಾತು ‘ಕಷ್ಟ’ ಎಂಬುದು. ಮಂತ್ರಗಳಿಗೆ ಅಂಕೆಗಳಿದ್ದು, ಸರಿಯಾದ ದಾಳ ತೆತ್ತ ಮೇಲಷ್ಟೇ ಮಂತ್ರ ಕೈಗೆ ಬರುತ್ತದೆ. ಬಳಸಲು ಇನ್ನೊಂದು ದಾಳ ಬೇಕು. ಆವಿಷ್ಕಾರಕಿ ಪ್ರತಿ ಹೋರಾಟದ ಕೊನೆಗೆ ತನ್ನದೊಂದು ಸಲಕರಣೆಯನ್ನು ಒಡೆದು ಹೊಸ ಯಂತ್ರ ಮಾಡಲೇಬೇಕು. ಮೆಚ್ಚಿನದನ್ನು ಕಳೆದುಕೊಳ್ಳುವ ಆ ನೋವಿಗೂ ದಾಳಕ್ಕೂ ಸಂಬಂಧವೇ ಇಲ್ಲ. ಆದರೂ ಅದೆಲ್ಲ ‘ಅದೃಷ್ಟ’ ಎಂಬ ಒಂದೇ ಪದದಡಿ ಸೇರಿಹೋಗುತ್ತದೆ.

ರೋಬಾಟ್‌ನದು ನಿಜಕ್ಕೂ ಬೇರೆ ಪ್ರಕರಣ. ಅದು ದಾಳಗಳನ್ನು ಒಂದೊಂದಾಗಿ ಉರುಳಿಸುತ್ತದೆ. ಮೊತ್ತ ಮಿತಿಗೆ ಸರಿಯಾಗಿ ಬಂದು ನಿಂತರೆ ಬಹುಮಾನ, ಮೀರಿದರೆ ಆ ಸರದಿ ಅಲ್ಲಿಗೇ ಮುಗಿಯಿತು. ‘ಇನ್ನೊಂದು ಉರುಳಿಸಲೇ’ ಎಂಬ ತೀರ್ಮಾನ ಮೊದಲು, ಗರ ಆಮೇಲೆ. ಬಯ್ಗುಳ ಇಲ್ಲೇ ಹೆಚ್ಚಿರಬೇಕಿತ್ತು. ಹಾಗಾಗಿಲ್ಲ, ಈ ಪಾತ್ರಕ್ಕೆ ಅಭಿಮಾನಿಗಳು ಬಹಳ. ಅಪಾಯವನ್ನು ತಾವೇ ಆರಿಸಿಕೊಂಡೆವೆಂಬ ಅರಿವು ಸಿಟ್ಟನ್ನು ತಣಿಸುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ.

ಹಾಗಾದರೆ ‘ದಾಳ ಸೋಲಿಸಿತು’ ಎಂಬ ಅನಿಸಿಕೆ ಎಲ್ಲಿಂದ ಹುಟ್ಟುತ್ತದೆ? ಎದುರಾಳಿಯ ಸರದಿಯಿಂದ. ಅವನ ಬಳಿ ಯಾವ ಆಯುಧಗಳಿವೆ ಎಂದು ಮೊದಲೇ ನೋಡಬಹುದು. ಅವನಿಗೆ ಯಾವ ಗರ ಬೀಳುತ್ತದೆಂದು ತಿಳಿಯುವುದು ನಮ್ಮ ಸರದಿ ಮುಗಿದ ಮೇಲೆ. ಗುರಾಣಿಗೆ ದಾಳ ಕೊಡಬೇಕೇ, ಪೆಟ್ಟಿಗೆ ಕೊಡಬೇಕೇ ಎಂಬ ನಮ್ಮ ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ಅವನಿಗೆ ಎರಡು ಆರು ಬಿದ್ದರೆ ಕೆಡುತ್ತದೆ. ಪೆಟ್ಟು ತಿಂದಷ್ಟೂ ತುಂಬಿಕೊಂಡು ಕೊನೆಗೆ ಒಂದು ವಿಶೇಷ ಶಕ್ತಿ ಕೊಡುವ ಪಟ್ಟಿಯನ್ನು ಕ್ಯಾವನಾ ಇಟ್ಟಿದ್ದಾರೆ. ಅದು ನಷ್ಟಕ್ಕೆ ಪರಿಹಾರ, ಮುನ್ಸೂಚನೆಯಲ್ಲ.

ಈ ಓದನ್ನು ಒರೆಗೆ ಹಚ್ಚಲು ‘ಸ್ಲೈಸ್ ಅಂಡ್ ಡೈಸ್’ ಎಂಬ ಇನ್ನೊಂದು ದಾಳದ ಆಟ ತಕ್ಕ ಜೋಡಿ. ಐದು ವೀರರು, ಒಬ್ಬೊಬ್ಬರಿಗೂ ತಮ್ಮದೇ ಆರು ಮುಖಗಳ ದಾಳ, ಇಪ್ಪತ್ತು ಹೋರಾಟ. ಅದೃಷ್ಟದ ಪ್ರಮಾಣ ಇಲ್ಲಿ ಕಡಿಮೆಯೇನಲ್ಲ. ಕೆಲವು ಮುಖಗಳಂತೂ ಬರಿದು. ಆದರೆ ಶತ್ರುಗಳ ದಾಳ ಮೊದಲು ಉರುಳುತ್ತದೆ. ಯಾರು ಯಾರಿಗೆ ಎಷ್ಟು ಹೊಡೆಯಲಿದ್ದಾರೆಂದು ತೋರಿಸಿದ ಮೇಲೆಯೇ ನಮ್ಮ ದಾಳ ಉರುಳುವುದು, ಬೇಕಾದವನ್ನು ಹಿಡಿದಿಟ್ಟು ಉಳಿದವನ್ನು ಎರಡು ಸಲ ಮತ್ತೆ ಉರುಳಿಸುವುದು. ದಾಳ ಬಳಸಿದ್ದು ತಪ್ಪೆನಿಸಿದರೆ ಹಿಂತೆಗೆದುಕೊಳ್ಳಲೂಬಹುದು. ಈ ಆಟದಲ್ಲಿ ಸೋತವರು ಒಂದು ಗರವನ್ನು ಹೆಸರಿಸಿ ದೂರುವುದು ಅಪರೂಪ. ಅವರ ಆಕ್ಷೇಪಗಳು ಬೇರೆ ಕಡೆ ತಿರುಗಿರುತ್ತವೆ: ಮಟ್ಟ ಏರಿದಾಗ ಯಾವ ವೀರನ ಯಾವ ರೂಪ ಸಿಕ್ಕಿತು, ತಮ್ಮ ತಂಡಕ್ಕೆ ಒಗ್ಗದ ಶತ್ರುಗಳು ಯಾವ ಹೋರಾಟದಲ್ಲಿ ಎದುರಾದರು, ಒಂದು ಸರದಿಯ ಎಲ್ಲ ದಾರಿಗಳನ್ನೂ ಪರೀಕ್ಷಿಸುತ್ತ ಎಷ್ಟು ಹೊತ್ತು ಹೋಯಿತು.