ಪಹಣಿಯಿಂದ ಆ್ಯಪ್‌ವರೆಗೆ: ಗ್ರಾಮ ಲೆಕ್ಕಿಗರ ಕೆಲಸದ ಗಣಕೀಕರಣ

ಕರ್ನಾಟಕದ ಭೂದಾಖಲೆಗಳನ್ನು ಗಣಕೀಕರಿಸಿದ ಯೋಜನೆಯೇ ‘ಭೂಮಿ’. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನಿಂದ ಕಂದಾಯ ಇಲಾಖೆ ರೂಪಿಸಿದ ಈ ಯೋಜನೆಯ ಅನುಷ್ಠಾನಕ್ಕೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳಾಗಿದ್ದರು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಗಣಕಯಂತ್ರ ಸೇರಿದವು.

ಅದಕ್ಕೂ ಮೊದಲು ಪಹಣಿ ಇದ್ದದ್ದು ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ. ಮೈಸೂರು ಜಿಲ್ಲೆಯ ಹೆಮ್ಮಿಗೆಯಂತಹ ಊರಿನ ರೈತ ಬೆಳೆಸಾಲಕ್ಕೆ ಬ್ಯಾಂಕಿಗೆ ಹೋಗಬೇಕಾದರೆ ಮೊದಲು ಲೆಕ್ಕಿಗರನ್ನು ಹುಡುಕಬೇಕಿತ್ತು. ಅವರು ಸಿಕ್ಕರೂ ಕೈಬೆಚ್ಚಗೆ ಮಾಡದೆ ಕಾಗದ ಸಿಗುತ್ತದೆಂಬ ಭರವಸೆ ಇರಲಿಲ್ಲ. ‘ಭೂಮಿ’ ಬಂದ ಮೇಲೆ ತಿ.ನರಸೀಪುರ, ನಂಜನಗೂಡು ಸೇರಿದಂತೆ ರಾಜ್ಯದ ತಾಲ್ಲೂಕು ಕಚೇರಿಗಳ ಕಿಂಡಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ದೊರೆಯತೊಡಗಿತು.

ಗಣಕಯಂತ್ರವೊಂದೇ ಈ ಬದಲಾವಣೆ ತಂದಿತೆನ್ನುವುದು ಅರ್ಧ ಸತ್ಯ. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆಯನ್ನೇ ತೆಗೆದುಹಾಕಿದ್ದು ನಿರ್ಣಾಯಕ ಹೆಜ್ಜೆ. ಎರಡು ದಾಖಲೆಗಳು ಜೊತೆಜೊತೆಗೆ ಉಳಿದಿದ್ದರೆ ಹಳೆಯದೇ ಗೆಲ್ಲುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗುವಂತೆ ತಂತ್ರಾಂಶವನ್ನು ಕಟ್ಟಲಾಗಿತ್ತು. ಸಿಬ್ಬಂದಿ ಬೆರಳಚ್ಚು ನೀಡಿಯೇ ಒಳಪ್ರವೇಶಿಸಬೇಕಾಗಿದ್ದರಿಂದ ತಿದ್ದಿದವರು ಯಾರೆಂಬುದು ದಾಖಲಾಗುತ್ತಿತ್ತು. ಆದರೆ ಹಳೆಯ ಪುಸ್ತಕದಲ್ಲಿದ್ದ ತಪ್ಪು ಹೆಸರು, ತಪ್ಪು ವಿಸ್ತೀರ್ಣಗಳು ಹಾಗೆಯೇ ಗಣಕಯಂತ್ರಕ್ಕೂ ಇಳಿದವು. ಅವನ್ನು ಸರಿಪಡಿಸಿಕೊಳ್ಳಲು ರೈತರು ವರ್ಷಗಟ್ಟಲೆ ಅಲೆದದ್ದುಂಟು.

ಲೆಕ್ಕಿಗರ ಕೈಯಿಂದ ಪುಸ್ತಕ ಹೋಯಿತು, ಕೆಲಸ ಹೋಗಲಿಲ್ಲ. ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು ಪಡೆದಿರುವ ಅದೇ ನೌಕರರ ಮೇಲೆ ಒಂದರ ಹಿಂದೊಂದು ಆ್ಯಪ್‌ಗಳು ಬಂದಿವೆ. ಸರ್ಕಾರಿ ಜಮೀನಿನ ಮೇಲೆ ನಿಗಾ ಇಡಲು ಲ್ಯಾಂಡ್ ಬೀಟ್, ಸಾಗುವಳಿ ಅರ್ಜಿಗಳಿಗೆ ಬಗರ್ ಹುಕುಂ, ಪಹಣಿಗೆ ಆಧಾರ್ ಜೋಡಣೆ, ಜೊತೆಗೆ ಬೆಳೆ ಸಮೀಕ್ಷೆಯ ಹೊಣೆ. ಪ್ರತಿಯೊಂದೂ ತನ್ನಷ್ಟಕ್ಕೆ ಉಪಯುಕ್ತವೇ. ಆದರೆ ಅವೆಲ್ಲ ಒಬ್ಬನೇ ನೌಕರನ ಒಂದೇ ದಿನದೊಳಗೆ ಹಿಡಿಸುತ್ತವೆಯೇ ಎಂಬ ಲೆಕ್ಕ ಯಾವ ತಂತ್ರಾಂಶದಲ್ಲೂ ಇಲ್ಲ. ‘ಭೂಮಿ’ ಹಳೆಯ ಕ್ರಮವೊಂದನ್ನು ರದ್ದುಮಾಡಿ ಅದರ ಜಾಗಕ್ಕೆ ಬಂದಿತ್ತು. ಇವು ಇದ್ದ ಕೆಲಸದ ಮೇಲೆ ಹೇರಿಕೆಯಾಗಿ ಬಂದವು.

2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರಕ್ಕಿಳಿದಾಗ ಆ್ಯಪ್‌ಗಳ ಒತ್ತಡವೇ ಮುಖ್ಯ ದೂರಾಗಿತ್ತು. ಲ್ಯಾಪ್‌ಟಾಪ್, ಮೊಬೈಲ್, ಕುಳಿತು ಕೆಲಸ ಮಾಡಲು ಕಚೇರಿ ಕೊಡಿ ಎಂಬುದು ಅವರ ಬೇಡಿಕೆಗಳಲ್ಲಿ ಸೇರಿತ್ತು. 2025ರ ಫೆಬ್ರುವರಿಯಲ್ಲಿ ಮುಷ್ಕರ ಮತ್ತೆ ನಡೆಯಿತು.